ಪೈಪಿನೊಳಗಿನ ಸುಣ್ಣ ಮತ್ತು ನನ್ನ ನಿಂಬೆಹಣ್ಣು

ನಮ್ಮ ಬೋರ್‌ವೆಲ್ಲಿನ ನೀರು ಒಂದೇ ದಿನದಲ್ಲಿ ಕಡಿಮೆಯಾದದ್ದಲ್ಲ. ಎರಡು ವರ್ಷ ಹಿಡಿಯಿತು. ಮೊದಲು ಪೈಪಿನ ತುಂಬ ಬಂದು ತೊಟ್ಟಿಯ ಆಚೆ ಗೋಡೆಗೆ ಬಡಿಯುತ್ತಿದ್ದ ನೀರು ಆಮೇಲೆ ತೊಟ್ಟಿಯ ನಡುವೆ ಬೀಳತೊಡಗಿತು. ಇನ್ನೂ ಆಮೇಲೆ ಪೈಪಿನ ಬಾಯಿಂದ ನೇರ ಕೆಳಕ್ಕೆ, ಬಚ್ಚಲಿನ ನಲ್ಲಿಯ ಹಾಗೆ. ಈ ಎರಡು ವರ್ಷದಲ್ಲಿ ಆ ಪೈಪಿನೊಳಗೆ ಏನಾಗಿದೆ ಎಂದು ನಮ್ಮ ಮನೆಯಲ್ಲಿ ಒಬ್ಬರಾದರೂ ಇಣುಕಿ ನೋಡಿದರೇ? ಇಲ್ಲ. ಎಲ್ಲರೂ ಬೇಲಿಯ ಆಚೆಗೇ ನೋಡಿದರು.

ಬೇಲಿಯ ಆಚೆ ಇರುವುದು ನನ್ನ ಚಿಕ್ಕತ್ತೆಯ ಮನೆ. ಚಿಕ್ಕತ್ತೆ ಎಂದರೆ ನನ್ನ ಅತ್ತೆಯ ಓರಗಿತ್ತಿ, ಮಾವನ ತಮ್ಮನ ಹೆಂಡತಿ. ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಈ ಊರಿಗೆ ಅವರಿಬ್ಬರೂ ಒಂದೇ ವರ್ಷ ಮದುವೆಯಾಗಿ ಬಂದವರು. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದವರು. ತೆಂಗಿನ ತೋಟ ಭಾಗವಾಗಿ ನಡುವೆ ಬೇಲಿ ಬಂದ ಮೇಲೂ ಸಾರಿನ ಬಟ್ಟಲು ಬೇಲಿ ದಾಟುವುದು ನಿಂತಿರಲಿಲ್ಲ. ಚಿಕ್ಕಮಾವ ತೀರಿಕೊಂಡ ಮೇಲೆ ಚಿಕ್ಕತ್ತೆ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ಅವರ ಮಗಳು ಅರಸೀಕೆರೆಯಲ್ಲಿ ಬಿ.ಎಡ್. ಓದುತ್ತಿರುವುದು ಆ ಹಾಲಿನಿಂದಲೇ. ಹಸುಗಳಿಗೆ ನೀರು ಸಾಲದೆಂದು ಅವರು ಬೋರು ಕೊರೆಸಿದರು. ನಮ್ಮ ಬೋರಿಗೂ ಅದಕ್ಕೂ ಎಂಬತ್ತು ಹೆಜ್ಜೆ. ಅವರಿಗೆ ನೀರು ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮದು ಇಳಿಯತೊಡಗಿತು. ಸರಿ, ನಮ್ಮತ್ತೆಗೆ ಇನ್ನೇನು ಬೇಕು?

"ನಮ್ ನೀರ್ನೆಲ್ಲ ಅವ್ಳು ಎಳ್ಕತಾವ್ಳೆ" ಎಂದು ತೀರ್ಮಾನವಾಯಿತು. ಸಾರಿನ ಬಟ್ಟಲು ನಿಂತಿತು. ಮಾತು ನಿಂತಿತು. ಒಂದು ಸಲ ಚಿಕ್ಕತ್ತೆ ಹೊಸದಾಗಿ ಕರು ಹಾಕಿದ ಹಸುವಿನ ಗಿಣ್ಣು ಕಳಿಸಿದರೆ ಅತ್ತೆ ಅದನ್ನು ಹಾಗೇ ನಾಯಿಗೆ ಹಾಕಿದರು. ನನಗೆ ಗಿಣ್ಣು ಎಂದರೆ ಪ್ರಾಣ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ನಾನು ಬೇಲೂರಿನವಳು, ಮೇಷ್ಟ್ರ ಮಗಳು, ನಾನೂ ಮೇಷ್ಟ್ರೇ. ಹಳೇಬೀಡಿನ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಗಡಸು ನೀರು ಎಂದರೇನು, ಅದರಿಂದ ಸುಣ್ಣ ಹೇಗೆ ಕಟ್ಟುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ಊರಿನ ಮಕ್ಕಳಿಗೆಲ್ಲ ಅದು ಬಾಯಿಪಾಠ. ನನ್ನ ಮನೆಯಲ್ಲಿ ಮಾತ್ರ ಮೊಬೈಲು ಕೆಟ್ಟರೆ, ಗ್ಯಾಸಿನ ಬುಕ್ಕಿಂಗ್ ಆಗದಿದ್ದರೆ ನಾನು ಬುದ್ಧಿವಂತೆ, ಬೋರಿನ ವಿಷಯ ತೆಗೆದರೆ "ನಿಂಗೇನ್ ಗೊತ್ತಾಯ್ತದೆ, ಸುಮ್ಕಿರು."

ಒಂದು ದಿನ ಅತ್ತೆ ಬಚ್ಚಲಿನ ಹಂಡೆ ತೊಳೆಯುತ್ತಿದ್ದರು. ತಿಂಗಳಿಗೊಮ್ಮೆ ಅದರೊಳಗಿನ ಬಿಳಿ ಹಕ್ಕಳೆಯನ್ನು ಹುಣಿಸೆಹಣ್ಣು ಹಾಕಿ ನೆನೆಸಿ, ಹಳೇ ಕುಡುಗೋಲಿನಲ್ಲಿ ಕೆರೆದು ಕೆರೆದು ತೆಗೆಯಬೇಕು. ಇದೇ ಸಮಯ ಎಂದುಕೊಂಡು ನಾನು ಕೇಳಿದೆ: "ಹಂಡೆಯಲ್ಲಿ ಇಷ್ಟು ಸುಣ್ಣ ಕಟ್ಟುತ್ತೆ ಅಂದ್ರೆ, ಅದೇ ನೀರು ಬರೋ ಪೈಪಲ್ಲಿ ಕಟ್ಟಲ್ವಾ ಅತ್ತೆ? ಹನ್ನೊಂದು ವರ್ಷ ಆಯ್ತು ಪೈಪು ಎತ್ತಿಸಿ."

ಅತ್ತೆ ತಲೆ ಎತ್ತಲಿಲ್ಲ. "ಹಂಡೆಗೆ ಬೆಂಕಿ ಹಾಕ್ತೀವಿ, ಕಟ್ತದೆ. ನಾನೂರಡಿ ಕೆಳಗೆ ಪೈಪಿಗೆ ಯಾರು ಬೆಂಕಿ ಹಾಕ್ತಾರೆ? ನಿಮ್ಮಪ್ಪ ಹಾಕ್ತಾರಾ?"

ನಮ್ಮಪ್ಪನನ್ನು ಯಾಕೆ ಎಳೆದರೋ ಗೊತ್ತಿಲ್ಲ, ಆದರೆ ಪ್ರಶ್ನೆ ಮಾತ್ರ ಸರಿಯಾಗಿತ್ತು. ಅದೇ ನನಗೆ ಇನ್ನಷ್ಟು ಮೈ ಉರಿಸಿತು. ಮೋಟರೇ ಬಿಸಿಯಾಗುತ್ತದೆ, ಆಳದ ನೀರು ಮೇಲೆ ಬರುವಾಗ ಒತ್ತಡ ಇಳಿದು ಅದರಲ್ಲಿ ಕರಗಿರುವ ಗಾಳಿ ಬಿಡುಗಡೆಯಾಗುತ್ತದೆ, ಆಗಲೂ ಸುಣ್ಣ ಕೂರುತ್ತದೆ ಎಂದು ನಾನು ವಿವರಿಸುವಷ್ಟರಲ್ಲಿ ಅವರು ಹಂಡೆ ಬೋರಲು ಹಾಕಿ ಎದ್ದು ಹೋಗಿದ್ದರು.

ಗಂಡನಿಗೆ ಹೇಳೋಣವೆಂದರೆ ಅವರು ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಯಾವ ಅರ್ಜಿಗೂ ಅವರದ್ದು ಒಂದೇ ಷರಾ: "ನೋಡಣ ಇರು." ಅಮ್ಮನ ಎದುರಿಗೆ ಅದೂ ಬಾಯಿಂದ ಹೊರಡುವುದಿಲ್ಲ, ಬರೀ ತಲೆ ಕೆರೆದುಕೊಳ್ಳುತ್ತಾರೆ.

ಅಷ್ಟರಲ್ಲಿ ಅತ್ತೆ ಊರಿನ ಯಜಮಾನರಿಗೆ ದೂರು ಕೊಟ್ಟೇಬಿಟ್ಟರು. ನಮ್ಮ ಕಡೆ ಸೋಮವಾರ ಎತ್ತು ಕಟ್ಟುವುದಿಲ್ಲ, ನೇಗಿಲು ಹೂಡುವುದಿಲ್ಲ. ಗಂಡಸರಿಗೆ ಕೆಲಸವಿಲ್ಲದ ದಿನವಾದ್ದರಿಂದ ನ್ಯಾಯ ಪಂಚಾಯಿತಿ ಏನಿದ್ದರೂ ಸೋಮವಾರವೇ, ಅರಳಿಕಟ್ಟೆಯ ಮೇಲೆ. ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಎಂದಾಯಿತು. ತೀರ್ಪು ಮೊದಲೇ ಊರಲ್ಲಿ ಓಡಾಡುತ್ತಿತ್ತು: ಮಳೆ ಹಿಡಿಯುವವರೆಗೆ ಚಿಕ್ಕತ್ತೆ ಮೋಟರು ಹಾಕುವಂತಿಲ್ಲ. ಹಳೇ ಬೋರು ನಮ್ಮದು, ದೊಡ್ಡ ತೋಟ ನಮ್ಮದು, ಮಾವ ಇಲ್ಲದಿದ್ದರೂ ನಮ್ಮ ಕಡೆ ಮಾತಾಡಲು ಗಂಡಸರಿದ್ದಾರೆ. ಆ ಕಡೆ ಒಂದು ಹೆಂಗಸು, ನಾಲ್ಕು ಹಸು.

ಮಳೆ ಹಿಡಿಯಲು ಇನ್ನೂ ಎರಡೂವರೆ ತಿಂಗಳಿತ್ತು. ಆ ಬೇಸಿಗೆಯಲ್ಲಿ ನಾಲ್ಕು ಸೀಮೆಹಸುಗಳಿಗೆ ಕುಡಿಯಲು, ಮೈ ತೊಳೆಯಲು ಬೇಕಾಗುವ ನೀರನ್ನು ಬೀದಿಯ ತೊಂಬೆಯ ನಲ್ಲಿಯಿಂದ ಕೊಡದಲ್ಲಿ ಹೊತ್ತು ತರಲು ಯಾರಿಂದ ಆಗುತ್ತದೆ? ಮೋಟರು ನಿಂತರೆ ಹಸು ಹೋಗುತ್ತವೆ, ಹಸು ಹೋದರೆ ಮಗಳ ಓದು ಹೋಗುತ್ತದೆ. ಇದೆಲ್ಲ ಒಂದು ಪೈಪಿನೊಳಗಿನ ಸುಣ್ಣಕ್ಕೆ! ಯೋಚಿಸಿದಷ್ಟೂ ನನ್ನ ತಲೆ ಕೆಟ್ಟು ಹೋಯಿತು. ಯಾರನ್ನೂ ಕೇಳದೆ ಅರಸೀಕೆರೆಯ ಪಂಪ್ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿ, ಶನಿವಾರ ಮಧ್ಯಾಹ್ನ ಬನ್ನಿ, ಮೋಟರು ಎತ್ತಬೇಕು ಎಂದುಬಿಟ್ಟೆ. ಅತ್ತೆಗೆ ಮಾತ್ರ, "ಮೋಟರು ಸವೆದಿರಬಹುದು, ಒಂದ್ಸಲ ನೋಡ್ಸಿಬಿಡೋಣ. ನಾಳೆ ನ್ಯಾಯದಲ್ಲಿ ಯಾರಾದ್ರೂ ಕೇಳಿದ್ರೆ?" ಎಂದೆ. ನ್ಯಾಯ ಗೆಲ್ಲುವ ಆಸೆಗೆ ಅವರು ಒಪ್ಪಿದರು.

ಪೈಪು ಎತ್ತಿದರೆ ಸಾಲದು, ಒಳಗೆ ಎಷ್ಟು ಕಟ್ಟಿದೆ ಎಂದು ಅಳೆದು ತೋರಿಸಬೇಕು. ಇಲ್ಲದಿದ್ದರೆ "ಏನೋ ಒಂಚೂರು ಬೆಳ್ಳಗಿತ್ತು" ಎಂದು ಮುಗಿಸಿಬಿಡುತ್ತಾರೆ. ಶಾಲೆಯ ಪ್ರಯೋಗಾಲಯದಿಂದ ವರ್ನಿಯರ್ ಕ್ಯಾಲಿಪರ್ಸ್ ತರೋಣವೆಂದು ಹೋದೆ. ಹೆಡ್‌ಮಾಸ್ಟರು ಕಾರಣ ಸಹಿತ ಪತ್ರ ಬರೆದುಕೊಡಿ ಎಂದರು. ಅದನ್ನು ಮಕ್ಕಳು ಮುಟ್ಟಿ ಎಷ್ಟು ವರ್ಷವಾಗಿತ್ತೋ, ಬೀರುವಿನಲ್ಲಿ ಜೇಡ ಅದಕ್ಕೆ ಮನೆ ಕಟ್ಟಿತ್ತು. ಆದರೂ ಪತ್ರ ಬೇಕು. ಬರೆದುಕೊಟ್ಟೆ. ಕಾರಣದ ಜಾಗದಲ್ಲಿ "ಗೃಹಕೃತ್ಯ" ಎಂದು ಬರೆದೆ. ಅವರು ಓದಿಯೂ ನೋಡದೆ ಸಹಿ ಹಾಕಿದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವಷ್ಟರಲ್ಲಿ ಮೆಕ್ಯಾನಿಕ್ ತಮ್ಮ ಇಬ್ಬರು ಆಳುಗಳೊಂದಿಗೆ ಬೋರಿನ ಮೇಲೆ ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸಿ ಚೈನ್ ಪುಲ್ಲಿ ಕಟ್ಟಿದ್ದರು. ಐವತ್ತು ದಾಟಿದ ಮನುಷ್ಯ, ಮೈ ತುಂಬ ಗ್ರೀಸು, ಕತ್ತಿನಲ್ಲಿ ಬೆಳ್ಳಿಯ ಲಿಂಗದ ಕರಡಿಗೆ. ಇಪ್ಪತ್ತಡಿಗೊಂದು ಪೈಪು, ಬಿಚ್ಚುವುದು, ಮಲಗಿಸುವುದು, ಮುಂದಿನದು ಎಳೆಯುವುದು. ಮೊದಲ ನಾಲ್ಕು ಪೈಪು ಒಂದಿಷ್ಟು ಬೆಳ್ಳಗಿದ್ದವು ಅಷ್ಟೆ. ಅತ್ತೆ ಜಗಲಿಯಿಂದಲೇ, "ಏನೈತೆ? ಏನೂ ಇಲ್ಲ ತಾನೆ?" ಎಂದು ಎರಡು ಸಲ ಕೇಳಿ ಒಳಗೆ ಹೋದರು. ಒಂಬತ್ತನೆಯ ಪೈಪು ಬಂದಾಗ ಮೆಕ್ಯಾನಿಕ್ ಅದರ ಬಾಯಿಗೆ ಬೆರಳು ಹಾಕಿ ನನ್ನ ಕಡೆ ನೋಡಿದರು.

"ಮೇಡಮ್ಮೋರೆ, ಇದು ಪೈಪಲ್ಲ, ಕೊಳಲು!"

ನನಗೆ ಕುಣಿಯಬೇಕೆನಿಸಿತು. ಕ್ಯಾಲಿಪರ್ಸ್ ತಂದು ಬಾಯಿ ಅಳೆದೆ. ಐವತ್ತು ಮಿಲಿಮೀಟರ್ ಇರಬೇಕಾದ ಕಡೆ ಮೂವತ್ತು ಚಿಲ್ಲರೆ. ಆದರೆ ಅದು ಬಾಯಿಯ ಅಳತೆ. ಇಪ್ಪತ್ತಡಿ ಒಳಗೆ ಎಲ್ಲಿ ಎಷ್ಟಿದೆ ಎಂದು ಅಳೆಯುವುದು ಹೇಗೆ? ಆ ಕ್ಷಣದಲ್ಲಿ ನನ್ನ ಮೇಷ್ಟ್ರ ಬುದ್ಧಿ ಓಡಿತು. ಓಡಬಾರದಿತ್ತು.

ಅಡುಗೆಮನೆಗೆ ಹೋಗಿ ಗಟ್ಟಿಯಾದ, ದುಂಡನೆಯ ನಿಂಬೆಹಣ್ಣೊಂದನ್ನು ಆರಿಸಿ ತಂದೆ. ಸುತ್ತಳತೆ ಎಲ್ಲಿ ಹೆಚ್ಚಿದೆಯೋ ಅಲ್ಲಿ ಕ್ಯಾಲಿಪರ್ಸ್ ಹಿಡಿದು ನೋಡಿದೆ, ಮೂವತ್ತು ಮಿಲಿಮೀಟರ್. ಆ ಜಾಗಕ್ಕೆ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಸುತ್ತ ಒಂದು ಗೆರೆ ಎಳೆದೆ, ಪಕ್ಕದಲ್ಲಿ ಅಳತೆಯನ್ನೂ ಬರೆದೆ. ಗೋಣಿಚೀಲ ಹೊಲಿಯುವ ದಬ್ಬಳವನ್ನು ಅದರ ನಡುವೆ ಚುಚ್ಚಿ, ಭಾರವಿರಲಿ ಎಂದು ಅಲ್ಲೇ ಬಿಟ್ಟು, ಅದರ ಕಣ್ಣಿಗೆ ದಾರ ಪೋಣಿಸಿದೆ. ಎಷ್ಟು ಅಡಿ ಒಳಗೆ ಹೋಯಿತು ಎಂದು ಗೊತ್ತಾಗಲು ದಾರಕ್ಕೆ ಅಡಿಗೊಂದು ಗಂಟು ಹಾಕಿದೆ. ಪೈಪಿನ ಒಂದು ತುದಿಯನ್ನು ತೊಟ್ಟಿಯ ಕಟ್ಟೆಯ ಮೇಲೆ ಎತ್ತಿರಿಸಿ ಮೇಲಿನಿಂದ ನಿಂಬೆಹಣ್ಣು ಬಿಡುವುದು. ಕೆಳಗೆ ಬಂದರೆ ಆ ಪೈಪಿನಲ್ಲಿ ಅಷ್ಟು ದಾರಿ ಇದೆ, ಬರದಿದ್ದರೆ ಗಂಟು ಎಣಿಸುವುದು. ನೋಡಿ, ಎಷ್ಟು ಚೆಂದದ ಪ್ರಯೋಗ!

ಹತ್ತನೆಯ ಪೈಪಿನಲ್ಲಿ ಹಣ್ಣು ಉರುಳಿ ಬಂತು. ಹನ್ನೊಂದರಲ್ಲೂ ಬಂತು. ಹದಿನಾಲ್ಕರಲ್ಲಿ ಏಳನೇ ಗಂಟಿಗೆ ನಿಂತಿತು. ಅಷ್ಟು ಹೊತ್ತಿಗೆ ಇಪ್ಪತ್ತೂ ಪೈಪು ಮೇಲೆ ಬಂದಿದ್ದವು, ಮೆಕ್ಯಾನಿಕ್ ಸುಣ್ಣ ಬಿಡಿಸಲು ನಾಳೆ ಆ್ಯಸಿಡ್ ತರುತ್ತೇನೆಂದು ಹೊರಟರು, ಹೊತ್ತು ಮುಳುಗುತ್ತಿತ್ತು. ಹಣ್ಣನ್ನು ಹೊರಗೆಳೆಯಬಹುದಿತ್ತು. ಎಳೆಯಲಿಲ್ಲ. ಬೆಳಿಗ್ಗೆ ಗಂಡನನ್ನು ಕರೆದು, "ನೋಡ್ರೀ, ಇಲ್ಲಿಗೆ ಸಿಕ್ಕಾಕ್ಕೊಂಡಿದೆ" ಎಂದು ತೋರಿಸೋಣ ಎನಿಸಿತು. ಪ್ರಯೋಗವನ್ನು ಹಾಗೇ ಇಟ್ಟು ಮರುದಿನ ಮಕ್ಕಳಿಗೆ ತೋರಿಸುವುದು ನನ್ನ ಹಳೇ ಚಾಳಿ. ದಾರದ ತುದಿಯನ್ನು ಪೈಪಿನ ಬಾಯಿಗೆ ಕಟ್ಟಿ ಒಳಗೆ ಹೋದೆ.

ಭಾನುವಾರ ಬೆಳಿಗ್ಗೆ ನನಗೆ ಎಚ್ಚರವಾದದ್ದೇ ಅತ್ತೆಯ ಕೂಗಿಗೆ.

ಪೂಜೆಗೆ ಹೂ ಬಿಡಿಸಲು ಹೋದವರು ಪೈಪಿನ ಬಾಯಲ್ಲಿ ಗಂಟುಗಂಟಿನ ದಾರ ಕಂಡು ಎಳೆದಿದ್ದಾರೆ. ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ಏನೋ ಅಂಕಿ, ನಡುವೆ ದಬ್ಬಳ ಚುಚ್ಚಿದ ನಿಂಬೆಹಣ್ಣು ಹೊರಗೆ ಬಂದಿದೆ. ಅದೂ ಭೂಮಿಯೊಳಗಿಂದ ಆಗತಾನೆ ಎತ್ತಿದ ಪೈಪಿನಿಂದ.

"ಮಾಟ ಮಾಡ್ಸವ್ಳೆ ಕಣ್ರೋ! ನಮ್ ಬೋರಿಗೇ ಮಾಟ ಮಾಡ್ಸವ್ಳೆ! ಬನ್ರೋ, ನೋಡ್ಬನ್ರೋ!"

ಅವರ ಕಂಠವೇನು ಸಾಮಾನ್ಯವಲ್ಲ. ಹೊಲದ ಆ ತುದಿಯಲ್ಲಿರುವ ಆಳನ್ನು ಊಟಕ್ಕೆ ಕರೆಯುವ ಕಂಠ. ಬೇಲಿಯ ಹತ್ತಿರ ನಿಂತು, ಕೈ ತಿರುವಿ ತಿರುವಿ, ಚಿಕ್ಕತ್ತೆಯ ಮನೆಯ ಕಡೆ ಮುಖ ಮಾಡಿ ಕೂಗಿದರು. ಬಸ್‌ಸ್ಟಾಪಿನಲ್ಲಿ ನಿಂತವರು ತಿರುಗಿ ನೋಡಿದರಂತೆ. ನಾನು ತಲೆ ಕಟ್ಟಿಕೊಳ್ಳದೆ, ಕಾಲಿಗೆ ಚಪ್ಪಲಿಯಿಲ್ಲದೆ ಓಡಿದೆ. ಅಯ್ಯೋ ದೇವರೇ, ಅದು ನನ್ನದು, ನಾನಿಟ್ಟಿದ್ದು, ಅಳತೆಗೆ ಇಟ್ಟಿದ್ದು ಎಂದು ಬಡಕೊಂಡೆ.

"ನೀನು ಅವ್ಳ ಪರ ಅಂತ ನಂಗೊತ್ತಿಲ್ವಾ? ಅವ್ಳನ್ ಉಳ್ಸಕ್ಕೆ ಸುಳ್ಳೇಳ್ಬ್ಯಾಡ."

"ಅತ್ತೆ, ಅದು ನನ್ನ ಕೈಬರಹ! ಮೂವತ್ತು ಅಂತ ಬರ್ದಿದೀನಿ!"

"ಮಾಟಗಾರ್ರಿಗೆ ಮೂವತ್ತು ಬರಿಯಕ್ ಬರಲ್ವಾ?"

ಇದಕ್ಕೆ ಏನು ಹೇಳುತ್ತೀರಿ? ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು, ನಿಂಬೆಹಣ್ಣನ್ನು ದೂರದಿಂದ ನೋಡಿ, ತಲೆ ಕೆರೆದುಕೊಂಡರು. ಬೇಲಿಯ ಆಚೆ ಚಿಕ್ಕತ್ತೆ ಸಗಣಿಯ ಬುಟ್ಟಿ ಹಿಡಿದು ನಿಂತಿದ್ದವರು ಬುಟ್ಟಿಯನ್ನು ಅಲ್ಲೇ ಇಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಮೋಟರಿನ ಸದ್ದು ನಿಂತಿತು.

ಅಷ್ಟರಲ್ಲಿ ಮೆಕ್ಯಾನಿಕ್ ಆ್ಯಸಿಡ್ ಕ್ಯಾನು ಹಿಡಿದು, ಇಬ್ಬರು ಆಳುಗಳ ಜೊತೆ ಬಂದರು. ಇವರಾದರೂ ನಿನ್ನೆ ನನ್ನ ಪ್ರಯೋಗ ಕಣ್ಣಾರೆ ನೋಡಿದವರು, ಹೇಳುತ್ತಾರೆ ಎಂದುಕೊಂಡೆ. ಅವರು ನಿಂಬೆಹಣ್ಣು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಕರಡಿಗೆ ಮುಟ್ಟಿಕೊಂಡರು.

"ನೀವು ದಾರ ಕಟ್ಟಿದ್ದು ನೋಡಿವ್ನಿ, ಇಲ್ಲ ಅನ್ನಲ್ಲ. ಆದ್ರೆ ರಾತ್ರೆಲ್ಲಾ ಹೊರಗೇ ಇತ್ತಲ್ಲ ಮೇಡಮ್ಮೋರೆ. ಯಾರು ಏನ್ ಮಾಡವ್ರೋ. ಇದನ್ನ ತೆಗ್ಸಿ, ಆಮೇಲೆ ಪೈಪು ಮುಟ್ತೀನಿ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ನಿಂಬೆಹಣ್ಣು ಎತ್ತಿಕೊಂಡು ದಬ್ಬಳ ಕಿತ್ತೆಸೆದೆ. ಒಳಗೆ ಹೋಗಿ ಈಳಿಗೆಮಣೆ, ಚೊಂಬು, ಲೋಟ, ಸಕ್ಕರೆ ಡಬ್ಬಿ ಎಲ್ಲ ತಂದು ಅಂಗಳದ ನಡುವೆ ಕುಕ್ಕಿದೆ. ಎಲ್ಲರ ಎದುರಿಗೇ ಹಣ್ಣು ತೊಳೆದು ಹೆಚ್ಚಿ, ಹಿಂಡಿ, ಪಾನಕ ಮಾಡಿದೆ. ಸಿಟ್ಟಿನಲ್ಲಿ ಸಕ್ಕರೆ ಎರಡು ಪಾಲು ಬಿತ್ತು. "ಬೇಡ ಕಣೇ!" ಎಂದು ಅತ್ತೆ ಕಿರುಚಿದರು. "ಏ, ಇರು ಇರು" ಎಂದು ಗಂಡ ಮೊದಲ ಬಾರಿಗೆ 'ನೋಡಣ' ಬಿಟ್ಟು ಬೇರೆ ಏನನ್ನೋ ಹೇಳಿದರು. ನಾನು ಒಂದೇ ಉಸಿರಿಗೆ ಕುಡಿದು ಲೋಟ ಬೋರಲು ಮಾಡಿ ತೋರಿಸಿದೆ.

ಐದು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು, ಯಾವಾಗ ರಕ್ತ ಕಾರುತ್ತಾಳೋ ಎಂದು. ಒಂದು ತೇಗು ಬಂತು ಅಷ್ಟೆ. "ಇನ್ನಾದ್ರೂ ಕೆಲಸ ಶುರು ಮಾಡ್ತೀರಾ, ಇಲ್ಲ ನಿಮಗೂ ಒಂದು ಲೋಟ ಮಾಡ್ಲಾ?" ಎಂದು ಮೆಕ್ಯಾನಿಕ್ಕನ್ನು ಕೇಳಿದೆ. ಅವರು ತೆಪ್ಪಗೆ ಸುತ್ತಿಗೆ ಎತ್ತಿಕೊಂಡರು.

ಆಮೇಲಿನದು ಇಡೀ ದಿನದ ಕೆಲಸ. ಪೈಪನ್ನು ತೆಂಗಿನ ದಿಮ್ಮಿಯ ಮೇಲೆ ಉರುಳಿಸುತ್ತ ಮರದ ಸುತ್ತಿಗೆಯಲ್ಲಿ ಸುತ್ತಲೂ ಬಡಿಯಬೇಕು. ಬಡಿದ ಹಾಗೆ ಒಳಗಿನ ಸುಣ್ಣ ಬಿರಿದು, ಮುರಿದ ಹಪ್ಪಳದಂತೆ ಪದರು ಪದರಾಗಿ ಸುರಿಯುತ್ತದೆ. ಬಡಿತಕ್ಕೆ ಬಗ್ಗದ ಪೈಪುಗಳ ಒಂದು ಬಾಯಿಗೆ ಮರದ ಬಿರಡೆ ಜಡಿದು, ನಿಲ್ಲಿಸಿ, ನೀರು ಬೆರೆಸಿದ ಆ್ಯಸಿಡ್ ಸುರಿದರು. ಸೋಡಾ ಬಾಟಲಿ ಒಡೆದಂತೆ ನೊರೆ ಉಕ್ಕಿತು, ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಮ್ಮಿದೆವು. ಹದಿನೇಳನೆಯ ಪೈಪಿನ ಅಳತೆ ಹದಿನೆಂಟು ಮಿಲಿಮೀಟರ್ ಬಂತು. ಅದರಲ್ಲಿ ಒಂದು ಗೋಟಡಿಕೆಯೂ ಹೋಗಲಿಲ್ಲ. ಒಂದೊಂದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಸಂಜೆಗೆ ಎರಡು ಬಾಂಡಲಿ ತುಂಬ ಬಿಳಿ ಚೂರು. ಅತ್ತೆ ಬಂದು ಒಂದು ಚೂರನ್ನು ಎತ್ತಿ ನೋಡಿ ಅಲ್ಲೇ ಹಾಕಿದರು. ನೋಡಿದಿರಾ ಎನ್ನಲು ನನಗೆ ಬಾಯಿ ತುರಿಸುತ್ತಿತ್ತು.

ಬೆಳಕಿರುವಾಗಲೇ ಪೈಪುಗಳನ್ನು ಮತ್ತೆ ಇಳಿಸಿಯಾಯಿತು. ಆದರೆ ತ್ರೀ ಫೇಸ್ ಕರೆಂಟು ಬರುವುದು ಬೆಳಿಗ್ಗೆ ಆರಕ್ಕೆ. ಕಾಯಬೇಕು.

ಸೋಮವಾರ ಆರಕ್ಕೆ ಸ್ವಿಚ್ ಒತ್ತಿದೆ. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ಬಿಳಿ ನೀರು. ಆಮೇಲೆ ಪೈಪಿನ ತುಂಬ, ಸೊಕ್ಕಿದ ನೀರು, ಆಚೆ ಗೋಡೆಗೆ ಬಡಿದು ನಮ್ಮ ಮುಖಕ್ಕೆ ಹಾರಿತು. ನನ್ನ ಕಣ್ಣಲ್ಲಿ ನೀರು ಬಂತು, ಅದೂ ಇದೂ ಬೆರೆತು ಹೋಯಿತು. ತಿರುಗಿ ಅತ್ತೆಯನ್ನು ನೋಡಿದೆ.

ಅತ್ತೆ ಸೊಂಟದ ಮೇಲೆ ಕೈ ಇಟ್ಟು, "ನೋಡ್ದಾ? ನೆನ್ನೆಯಿಂದ ಅವ್ಳು ಮೋಟ್ರು ಹಾಕಿಲ್ಲ. ಅದ್ಕೇ ಬಂತು" ಎಂದರು.

ಥೂ! ನಾನು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕುಳಿತೆ. ಎರಡು ದಿನ ಬಡಿದದ್ದು, ಅಳೆದದ್ದು, ಮಾಟದ ಪಾನಕ ಕುಡಿದದ್ದು ಎಲ್ಲ ಹೊಳೆಗೆ ಹೋಯಿತು. ಮೈ ಉರಿಸುವ ಸಂಗತಿ ಏನೆಂದರೆ, ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಆ ಮೋಟರೂ ಓಡುತ್ತಿರುವಾಗ ನಮ್ಮಲ್ಲಿ ಇಷ್ಟೇ ನೀರು ಬಂದರೆ ಮಾತ್ರ ಅದು ಸಾಕ್ಷಿ. ಇನ್ನು ಮೂರು ಗಂಟೆಯಲ್ಲಿ ನ್ಯಾಯ. ಬೇಲಿ ದಾಟಿ ಓಡಿದೆ. ಚಿಕ್ಕತ್ತೆ ಬಾಗಿಲಲ್ಲಿ ಖಾಲಿ ಕೊಡಗಳನ್ನು ಜೋಡಿಸುತ್ತಿದ್ದರು. ಕಣ್ಣು ಊದಿದ್ದವು.

"ಚಿಕ್ಕತ್ತೆ, ಒಂದೇ ಒಂದು ಗಂಟೆ ನಿಮ್ಮ ಮೋಟರು ಹಾಕಿ. ನಿಮಗೆ ಕೈ ಮುಗೀತೀನಿ."

"ನಾನ್ ಆ ಸ್ವಿಚ್ ಮುಟ್ಟಲ್ಲ ಕಣವ್ವ. ಮುಟ್ಟುದ್ರೆ ಇನ್ನೇನ್ ಅಂತಾಳೋ. ಬೇಕಾದ್ರೆ ಅವ್ಳೇ ಬಂದು ಹಾಕ್ಲಿ."

ಮತ್ತೆ ಈ ಕಡೆ ಓಡಿದೆ. ಅತ್ತೆ, "ನಾನ್ ಅವ್ಳ ಹೊಸ್ಲು ತುಳಿಯಲ್ಲ" ಎಂದರು. ಆ ಹೊತ್ತಿಗೆ ನನಗೆ ಮರ್ಯಾದೆ ಗಿರ್ಯಾದೆ ಯಾವುದೂ ಉಳಿದಿರಲಿಲ್ಲ.

"ಬರಬೇಡಿ ಅತ್ತೆ. ನಾನು ಈಗಲೇ ಅರಳಿಕಟ್ಟೆಗೆ ಹೋಗಿ, ಮಾಟ ಮಾಡಿದೋಳು ನಾನೇ, ಈ ಮನೆ ಸೊಸೆನೇ, ದಬ್ಬಳ ಅತ್ತೆದೇ, ನಿಂಬೆಹಣ್ಣು ಅತ್ತೆ ಬುಟ್ಟಿದೇ ಅಂತ ಹೇಳ್ತೀನಿ. ಇಡೀ ಊರಿಗೆ ಹೇಳ್ತೀನಿ."

ಅತ್ತೆ ನನ್ನ ಮುಖವನ್ನೇ ನೋಡಿದರು. ಇವಳು ಹೇಳಿಯೇ ಹೇಳುತ್ತಾಳೆ ಎಂದು ಖಾತ್ರಿಯಾಗಿರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೊಣಗುತ್ತ, ಎರಡು ವರ್ಷದಲ್ಲಿ ಮೊದಲ ಸಲ ಬೇಲಿಯ ತಡಿಕೆ ಸರಿಸಿ ಆಚೆ ಕಾಲಿಟ್ಟರು. ಚಿಕ್ಕತ್ತೆಯ ಮುಖ ನೋಡದೆ ನೇರ ಹೋಗಿ ಮೋಟರಿನ ಸ್ವಿಚ್ ಒತ್ತಿದರು.

ಎರಡು ಮೋಟರೂ ಓಡಿದವು. ನಾನು ಬಕೆಟ್ಟು ಇಟ್ಟುಕೊಂಡು ಗಡಿಯಾರ ನೋಡುತ್ತ ಆ ಕಡೆ ಈ ಕಡೆ ಅಲೆದೆ. ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ. ನಮ್ಮ ನೀರು ಒಂದು ಎಳೆಯೂ ಕಡಿಮೆಯಾಗಲಿಲ್ಲ. ಆಚೆ ಗೋಡೆಗೆ ಬಡಿಯುತ್ತಲೇ ಇತ್ತು. ಅತ್ತೆ ಬೇಲಿಯ ಆ ಬದಿಯಿಂದಲೇ ಅದನ್ನು ನೋಡುತ್ತ ನಿಂತಿದ್ದರು. ನಾನು ನೋಟುಬುಕ್ಕು ಹಿಡಿದು, ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ, "ಈಗ್ಲಾದ್ರೂ ಒಪ್ತೀರಾ?" ಎನ್ನಲು ಬಾಯಿ ತೆರೆದೆ. ಅವರು ಆಗ ನೀರನ್ನು ನೋಡುತ್ತಿರಲಿಲ್ಲ, ಕೊಟ್ಟಿಗೆಯ ಕಡೆ ನೋಡುತ್ತಿದ್ದರು.

"ಇನ್ನೆರಡು ಎಲ್ಲೇ?" ಎಂದರು. ಎರಡು ವರ್ಷದ ಮೇಲೆ ಓರಗಿತ್ತಿಗೆ ಆಡಿದ ಮೊದಲ ಮಾತು ಅದು.

ಕೊಟ್ಟಿಗೆಯಲ್ಲಿ ಎರಡೇ ಹಸುಗಳಿದ್ದವು.

"ಕೊಟ್ಬುಟ್ಟೆ ಕಣಕ್ಕ. ಹಗರೆ ಊರಿನ ದನದ ಯಾಪಾರ್ದೋರು ಬಾಳ ದಿನದಿಂದ ಕೇಳ್ತಿದ್ರು. ನೆನ್ನೆ ಮಧ್ಯಾನ ಗಾಡಿ ತಂದು ಹತ್ತುಸ್ಕಂಡು ಹೋದ್ರು. ನಾಲ್ಕಕ್ಕೂ ನೀರು ಹೊರಕ್ಕೆ ನನ್ ಕೈಲಾಯ್ತದಾ? ಅದೂ ಮಾಟಗಾತಿ ಅಂದ್ಮೇಲೆ ತೊಂಬೆ ತಾವಾದ್ರೂ ಬುಡ್ತಾರೋ ಇಲ್ವೋ."

ನಿನ್ನೆ ಮಧ್ಯಾಹ್ನ ನಾವು ಪೈಪು ಬಡಿಯುತ್ತಿದ್ದೆವು. ಆ ಸದ್ದಿನಲ್ಲಿ ಗಾಡಿ ಬಂದದ್ದು, ಹಸುಗಳು ಕೂಗಿದ್ದು ಯಾವುದೂ ನಮಗೆ ಕೇಳಿರಲಿಲ್ಲ. ಇಷ್ಟು ದಿನ ಎಲ್ಲರ ಮೇಲೆ ಹಾರಾಡಿದವಳು ನಾನು. ಆ ಹಣ್ಣನ್ನು ಹಾಗೇ ಬಿಟ್ಟು ಮಲಗಿದವಳೂ ನಾನೇ.

"ಚಿಕ್ಕತ್ತೆ, ಆ ನಿಂಬೆಹಣ್ಣು ನನ್ನದು. ಅಳತೆ ನೋಡೋಕೆ ನಾನೇ ಇಟ್ಟಿದ್ದು. ತಪ್ಪೆಲ್ಲ ನಂದೇ" ಎಂದೆ.

"ಗೊತ್ತು ಕಣವ್ವ. ನೀನು ಹಿಂಡಿ ಕುಡ್ದಿದ್ದ ಕಿಟಕೀಲಿ ನೋಡ್ದೆ."

"ಮತ್ಯಾಕೆ ಕೊಟ್ರಿ ಹಸೂನ?"

ಚಿಕ್ಕತ್ತೆ ಕೊಡಗಳನ್ನು ಒಂದರ ಪಕ್ಕ ಒಂದು ಸರಿಸಿದರು. "ನೀನ್ ಕುಡ್ದಿದ್ದ ಕಂಡೋರು ನಾನೂ ಸೇರಿ ಆರು ಜನ. ಅಕ್ಕ ಕೂಗಿದ್ದ ಊರೆಲ್ಲಾ ಕೇಳುಸ್ಕಂಡೈತೆ."

ದೂರದಲ್ಲಿ ಅರಳಿಕಟ್ಟೆಯ ಮೇಲೆ ಗಂಡಸರು ಒಬ್ಬೊಬ್ಬರೇ ಬಂದು ಕೂರುತ್ತಿದ್ದರು. ಅತ್ತೆ ಕೊಟ್ಟಿಗೆಯ ಖಾಲಿ ಗೂಟಗಳನ್ನು ಇನ್ನೊಮ್ಮೆ ನೋಡಿ, ದಡದಡ ನಡೆದು ಬೇಲಿಯ ಹತ್ತಿರ ಹೋದರು. ನಿನ್ನೆ ನಿಂತಿದ್ದ ಜಾಗದಲ್ಲೇ, ಆದರೆ ಚಿಕ್ಕತ್ತೆಯ ಬದಿಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡರು.

"ಮಾಟ ಗೀಟ ಏನಿಲ್ಲ ಕಣ್ರೋ. ನಮ್ ಪೈಪೇ ಕಟ್ಕಂಡಿತ್ತು. ಇವ್ಳು ನೀರು ಕದ್ದಿಲ್ಲ."

ಅದು ಕೂಗಲ್ಲ. ಬೇಲಿಯ ಆಚೆಗೂ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಹೇಳಿ ಮುಗಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮನೆಯ ಕಡೆ ಹೊರಟರು. ಮದುವೆಯಾಗಿ ಬಂದು ಹದಿಮೂರು ವರ್ಷದಲ್ಲಿ ಅತ್ತೆಗೆ ನಾನು ಯಾವತ್ತೂ ಹೀಗೆ ಮಾಡು ಎಂದು ಹೇಳಿದವಳಲ್ಲ. ಆವತ್ತು ಹೋಗಿ ದಾರಿಗೆ ಅಡ್ಡ ನಿಂತೆ.

"ಇನ್ನೂ ಜೋರಾಗಿ, ಅತ್ತೆ" ಎಂದೆ. "ನಿನ್ನೆಯಷ್ಟೇ ಜೋರಾಗಿ."

ಅವರು ನನ್ನನ್ನು ನೋಡಿದರು, ಚಿಕ್ಕತ್ತೆಯನ್ನು ನೋಡಿದರು. ಆಮೇಲೆ ತಿರುಗಿ ಹೋಗಿ ಬೇಲಿಯ ಕಂಬ ಹಿಡಿದುಕೊಂಡು, ಅರಳಿಕಟ್ಟೆಯಲ್ಲಿ ಕೂತಿದ್ದವರೆಲ್ಲ ಎದ್ದು ನಿಲ್ಲುವ ಹಾಗೆ ಕೂಗಿದರು.